ಬಿಳಿ ರುಮಾಲು, ಬೇಟೆಯ ಮೊದಲ ದಿನ

ನನಗೆ ಮೊಮ್ಮಗಳು ಹುಟ್ಟಿದಳು! ತಲೆ ತುಂಬಾ ಕೂದಲು, ತೊಡೆಯ ಮೇಲೆ ಮಡಿಕೆ, ಅತ್ತರೆ ಆಸ್ಪತ್ರೆಯ ಆ ತುದಿಗೂ ಕೇಳುವಂಥ ಗಂಟಲು. ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ಈ ಮಾತನ್ನು ಮೊದಲು ಹೇಳದಿದ್ದರೆ ನನಗೆ ಮುಂದಿನದು ಹೇಳಲು ಬರುವುದೇ ಇಲ್ಲ. ಯಾಕೆಂದರೆ ಆ ಕೂಸು ಮನೆಗೆ ಬಂದ ದಿನವೇ ನಾನು ಹುಟ್ಟಿದಾಗಿನಿಂದ ಹೆದರದಷ್ಟು ಹೆದರಿದ್ದು. ಕಲಿತದ್ದು ಮೂರನೆಯ ಇಯತ್ತೆ. ಬರೆದದ್ದು ಹಿಂದುಮುಂದಾದರೆ ನೀವೇ ಹೊಂದಿಸಿಕೊಳ್ಳಿ.

ತೊಂಬತ್ತರ ದಶಕದ ನಡುವಿನ ಮಾತು. ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಗದಗದ ಕಡೆಯಿಂದ ಅಮೆರಿಕದ ಏಪೆಕ್ಸ್‌ಗೆ ಬಂದಿದ್ದೆವು. ಅಳಿಯ ಎಂಜಿನಿಯರ್. ಅವರಿದ್ದ ಓಣಿಯ ಮನೆಗಳೆಲ್ಲ ಹೊಸವು, ಕಾಡು ಕಡಿದು ಕಟ್ಟಿದವು. ಉಳಿದ ಒಂದು ತುಂಡು ಕಾಡು ನಮ್ಮ ಹಿತ್ತಲಿಗೇ ಹತ್ತಿಕೊಂಡಿತ್ತು. ಅದರೊಳಗೆ ಜಿಂಕೆಗಳು ಸಂತೆಯ ಜನದ ಹಾಗೆ ತುಂಬಿದ್ದವು. ಸಂಜೆಯಾದರೆ ಬಂದು ನಾನು ಹಾಕಿದ ಮೆಂತ್ಯದ ಮಡಿ, ಮಗಳ ಗುಲಾಬಿ, ಎಲ್ಲ ಬೋಳಿಸಿ ಹೋಗುತ್ತಿದ್ದವು.

ಮಗಳು ತುಂಬು ಬಸುರಿಯಾಗಿದ್ದಾಗ ಅವರ ಕಾರಿಗೆ ಒಂದು ಜಿಂಕೆ ಅಡ್ಡ ಹಾರಿತ್ತು. ಕಾರು ರಸ್ತೆ ಬಿಟ್ಟು ಕೆಳಗಿಳಿಯಿತು. ಮಗಳು ಉಳಿದಳು, ಜಿಂಕೆ ಉಳಿಯಲಿಲ್ಲ. ಅಂದಿನಿಂದ ಗಂಡಹೆಂಡಿರ ನಡುವೆ ಅದೇ ವಾದ. ಕಾಡಿನ ಮಾಲೀಕ ಬೇಟೆಗಾರರಿಗೆ ಒಪ್ಪಿಗೆ ಕೊಡುತ್ತಾನೆಂದು ಸುದ್ದಿ ಬಂದಿತ್ತು. ಓಣಿಯವರ ಮೀಟಿಂಗಿನಲ್ಲಿ ಅಳಿಯ ಅದಕ್ಕೆ ಹೂಂ ಎಂದು ಬಂದಿದ್ದರು.

"ಅವುಗಳ ಮನಿ ಕಡದು ನಾವು ಮನಿ ಕಟ್ಕೊಂಡ್ವಿ. ಈಗ ಅವಕ್ಕ ಗುಂಡೂ ಹಾಕೂದೇನು?" ಎಂದಳು ಮಗಳು.

"ಅವತ್ತ ಕಾರಿನ್ಯಾಗ ನಿನಗೇನರ ಆಗಿದ್ರ? ಅವ್ವ, ನೀವ ಹೇಳ್ರಿ," ಎಂದರು ಅಳಿಯ.

ನಾನೇನು ಹೇಳಲಿ? ನಮ್ಮ ಜೋಳದ ಹೊಲಕ್ಕೂ ಚಿಗರಿಗಳ ಹಿಂಡು ಬೀಳುತ್ತಿತ್ತು. ನಮ್ಮಪ್ಪ ಮಂಚಿಗೆಯ ಮೇಲೆ ಕೂತು ಕವಣೆ ಬೀಸಿ ಓಡಿಸುತ್ತಿದ್ದ. ಬೈಯುತ್ತಿದ್ದ, ಕೊಲ್ಲುತ್ತಿರಲಿಲ್ಲ. ಆದರೆ ಅಲ್ಲಿ ಓಡಿಸಿದರೆ ಅವು ಹೋಗಲು ಬಯಲಿತ್ತು. ಇಲ್ಲಿ ಎಲ್ಲಿಗೆ ಓಡಿಸುವುದು? ಹಿಂದೆ ರಸ್ತೆ, ಮುಂದೆ ರಸ್ತೆ.

ಬಾಣಂತಿ ಮನೆಗೆ ಬರುವ ಶನಿವಾರ ಅಳಿಯ ಹಿಗ್ಗಿನಲ್ಲಿ ಒಂದು ಕಾಲಿಗೆ ಒಂದು ಬಣ್ಣದ ಸಾಕ್ಸ್ ಹಾಕಿಕೊಂಡೇ ಆಸ್ಪತ್ರೆಗೆ ಹೋದರು. ನಾನು ಕೆಂಪು, ಹಳದಿ ಖಣದ ತುಂಡು ಸೇರಿಸಿ ಹೊಲಿದಿದ್ದ ಕೌದಿಯನ್ನು ತೊಟ್ಟಿಲಲ್ಲಿ ಹಾಸಿದೆ. ಇನ್ನು ತಾಯಿ ಮಗುವಿನ ಎರಕೊಂಡ ತಲೆ ಆರಿಸಲು ಕೆಂಡ ಬೇಕು, ಲೋಬಾನ ಹಾಕಬೇಕು. ಅಳಿಯ ಇದ್ದಿಲಿನ ಚೀಲ ತಂದಿಟ್ಟಿದ್ದರು. ನಮ್ಮ ಮನೆಯವರು ಒಂದು ತುಂಡು ಮೂಸಿ ನೋಡಿದರು.

"ಚಿಮಣಿ ಎಣ್ಣಿ ನಾರ್ತದಲ್ಲ! ಇದರ ಹೊಗಿ ನನ್ನ ಮೊಮ್ಮಗಳ ನೆತ್ತಿಗಿ ತಾಕಸ್ತಿ ಏನು?"

"ಮತ್ತೇನ್ ಮಾಡೂದ್ರಿ?"

"ಹಿತ್ತಲದಾಗ ಅಷ್ಟು ದೊಡ್ಡ ಕಾಡ ಐತಿ, ನಾಕು ಒಣಾ ಪುಳ್ಳಿ ಸಿಗೂದಿಲ್ಲೇನು?"

ಕಂದು ಬಣ್ಣದ ಕಂಬಳಿ ಹೊದ್ದು, ತಲೆಗೆ ಬಿಳಿ ರುಮಾಲು ಸುತ್ತಿ ಹೊರಟರು. ರುಮಾಲಿಲ್ಲದೆ ಅವರು ಅಂಗಳಕ್ಕೂ ಇಳಿಯುವವರಲ್ಲ. ನಾನು ಒಲೆಯ ಮುಂದೆ ಹಾಡಿಕೊಳ್ಳುತ್ತಾ ಮೆಣಸು ಹುರಿಯುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರಮ್ಮ ಶಾವಿಗೆ ಪಾಯಸ ಹಿಡಿದು ಬಂದರು. ಮೈಸೂರಿನವರು, ಆ ದೇಶಕ್ಕೆ ಬಂದು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು.

"ಕಂಗ್ರಾಜ್ಯುಲೇಷನ್ಸ್ ಅಮ್ಮ! ಎಲ್ಲಿ, ಅಜ್ಜ ಕಾಣ್ತಿಲ್ಲ?"

"ಪುಳ್ಳಿ ಆರ್‍ಸಾಕ ಕಾಡಿಗಿ ಹೋಗ್ಯಾರ್ರಿ."

ಪಾಯಸದ ಪಾತ್ರೆ ಕಟ್ಟೆಯ ಮೇಲೆ ಟಣ್ ಎಂದಿತು. "ಕಾಡಿಗಾ? ಇವತ್ತಿಂದ ಜಿಂಕೆ ಬೇಟೆಗೆ ಗನ್ ಸೀಸನ್ ಓಪನ್ ಆಗಿದೆ ಅಮ್ಮ! ನಿಮಗೆ ಯಾರೂ ಹೇಳ್ಲಿಲ್ವಾ? ತಲೇಗೆ ಏನು ಹಾಕ್ಕೊಂಡಿದಾರೆ?"

"ಬಿಳೀ ರುಮಾಲ."

"ಅಯ್ಯೋ ದೇವ್ರೇ. ಇಲ್ಲಿ ಜಿಂಕೆ ಬಾಲ ಎತ್ತಿದ್ರೆ ಬೆಳ್ಳಗೆ ಕಾಣತ್ತೆ. ಬಿಳೀದು ಅಲ್ಲಾಡಿದ್ರೆ..."

ಅವರ ಮಾತು ಮುಗಿದಿರಲಿಲ್ಲ. ಕಾಡಿನೊಳಗೆ ಗುಂಡು ಹಾರಿತು.

ಡಾಕ್ಟರಮ್ಮ "ನಾನು ಕಾರ್ ಹಾರ್ನ್ ಹೊಡೀತೀನಿ, ನೀವು ಕಲರ್ ಬಟ್ಟೆ ಇಲ್ದೆ ಒಳಗೆ ಹೋಗ್ಬೇಡಿ" ಎನ್ನುತ್ತಾ ಓಡಿದರು. ಬಣ್ಣದ್ದು ಎಂದರೆ ಕಣ್ಣಿಗೆ ಬಿದ್ದದ್ದು ತೊಟ್ಟಿಲಿನ ಕೌದಿ. ಅದನ್ನೇ ಕಿತ್ತುಕೊಂಡು ತಲೆಯ ಮೇಲೆ ಬೀಸುತ್ತಾ, "ಹೊಡೀಬ್ಯಾಡ್ರಿ! ಮನಷ್ಯಾರದಾರ!" ಎಂದು ಕೂಗುತ್ತಾ ಕಾಡು ಹೊಕ್ಕೆ. ಆ ದೇಶದಲ್ಲಿ ನನ್ನ ಕನ್ನಡ ಯಾರಿಗೆ ತಿಳಿಯಬೇಕು? ಆದರೂ ಕೂಗಿದೆ. ಹಿಂದೆ ಹಾರ್ನ್ ಬಿಡದೆ ಒದರುತ್ತಿತ್ತು. ಎರಡನೆಯ ಗುಂಡು ಈಗ ಹಾರುತ್ತದೆ, ಈಗ ಹಾರುತ್ತದೆ ಎಂದು ಬೆನ್ನೆಲ್ಲ ತಣ್ಣಗಾಗಿತ್ತು. ಮೊಮ್ಮಗಳ ಮೋರೆಯನ್ನು ನಮ್ಮ ಮನೆಯವರು ಆಸ್ಪತ್ರೆಯ ಗಾಜಿನಾಚೆಯಿಂದಷ್ಟೇ ನೋಡಿದ್ದರು, ಇನ್ನೂ ಎತ್ತಿಕೊಂಡಿರಲಿಲ್ಲ. ಓಡುವಾಗ ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮರಗಳ ನಡುವೆ ನೆಲದ ಮೇಲೆ ರುಮಾಲು ಕಂಡಿತು. ಅದರಡಿ ಕಂದು ಬಣ್ಣದ್ದೇನೋ ಮಲಗಿತ್ತು. ಪಕ್ಕದ ಎಲೆಗಳು ಕೆಂಪಾಗಿದ್ದವು.

ನಾನು ಅಲ್ಲೇ ಕುಸಿದೆ.

"ಏ, ಕೂಸಿನ ಕೌದಿ ಯಾಕ ತಂದಿ? ಮುಳ್ಳ ಹತ್ತತಾವಲ್ಲ!"

ಬೋಳು ತಲೆಯಲ್ಲಿ, ಪುಳ್ಳಿಯ ಹೊರೆ ಹಿಡಿದು ನಮ್ಮ ಮನೆಯವರು ಮರದ ಮಗ್ಗುಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಅಂಗಿ, ಟೋಪಿ ಹಾಕಿದ ವಯಸ್ಸಾದ ಬಿಳಿಯ. ಅವನ ಬಂದೂಕು ದೂರ, ಮರಕ್ಕೆ ಒರಗಿಸಿತ್ತು. ನಾನು ನಮ್ಮವರ ಕಂಬಳಿ ಹಿಡಿದು ಬೈದೆನೋ ಅತ್ತೆನೋ, ನೆನಪಿಲ್ಲ.

ಡಾಕ್ಟರಮ್ಮ ಮುಳ್ಳಲ್ಲಿ ಚಪ್ಪಲಿ ಎಳೆಯುತ್ತಾ ಬಂದ ಮೇಲೆ ಎಲ್ಲ ತಿಳಿಯಿತು. ಬೇಟೆಗಾರ ಮರದ ಮೇಲಿನ ಅಟ್ಟಣೆಯಿಂದ ಜಿಂಕೆಗೆ ಗುಂಡು ಹಾಕಿದ್ದ. ಸದ್ದು ಕೇಳಿದ ನಮ್ಮ ಮನೆಯವರು, ಓಡಿಹೋಗುವ ಬದಲು, ಯಾರಿಗೆ ಏನಾಯಿತೋ ಎಂದು ಅತ್ತಲೇ ನಡೆದಿದ್ದರು. ಪೊದೆಯ ಹಿಂದೆ ಬಿಳಿಯದು ಅಲ್ಲಾಡಿತು. ಬಿದ್ದ ಜಿಂಕೆಯೇ ಎದ್ದಿತೆಂದು ಅವನು ಮತ್ತೆ ಗುರಿ ಹಿಡಿದಿದ್ದ.

"ಪೂರ್ತಿ ಪ್ರಾಣಿ ಕಾಣೋ ತನಕ ಟ್ರಿಗರ್ ಮುಟ್ಬಾರ್ದು ಅಂತ ಅವ್ರ ತಂದೆ ಕಲ್ಸಿದ್ರಂತೆ. ಅದಕ್ಕೇ ವೇಟ್ ಮಾಡಿದ್ರಂತೆ. ಆಮೇಲೆ ಮೀಸೆ ಕಾಣಿಸ್ತಂತೆ," ಎಂದರು ಡಾಕ್ಟರಮ್ಮ.

ಅವನು ಜಿಂಕೆಯ ಪಕ್ಕ ಮಂಡಿಯೂರಿ ಅದರ ಪಕ್ಕೆ ಸವರಿ ತೋರಿಸಿದ. ಎಲುಬು ಎಣಿಸುವಂತಿದ್ದವು. ಇಷ್ಟು ಜಿಂಕೆಗಳಿಗೆ ಈ ಕಾಡು ಸಾಲದು, ಚಳಿಗಾಲದಲ್ಲಿ ಹಸಿದು ಒಂದೊಂದೇ ಬೀಳುತ್ತವೆ, ತಾನು ಹೊಡೆದದ್ದನ್ನು ಮನೆಮಂದಿಯೆಲ್ಲ ತಿನ್ನುತ್ತೇವೆ, ಬಿಸಾಡುವುದಿಲ್ಲ ಎಂದ. ನಾವು ಮಾಂಸ ಮುಟ್ಟುವವರಲ್ಲ. ಆದರೂ ಅವನನ್ನು ಪಾಪಿ ಎನ್ನಲು ನಾಲಿಗೆ ಏಳಲಿಲ್ಲ. ನನ್ನ ಕುಂಕುಮ ಉಳಿದದ್ದು ಅವನು ತಡೆದ ಆ ಒಂದು ಬೆರಳಿನಿಂದ. ಆ ಜಿಂಕೆಯ ಜೀವ ಹೋದದ್ದೂ ಅದೇ ಬೆರಳಿನಿಂದ. ಇದನ್ನು ನಾನು ಇವತ್ತಿಗೂ ಎಲ್ಲಿಡಬೇಕೋ ತಿಳಿಯದೆ ಹೊತ್ತುಕೊಂಡಿದ್ದೇನೆ.

ನಮ್ಮ ಮನೆಯವರು ಜಿಂಕೆಯ ಮೋರೆಗೆ ಮುಚ್ಚಿದ್ದ ರುಮಾಲನ್ನು ವಾಪಸು ತೆಗೆಯಲಿಲ್ಲ. "ಕಣ್ಣ ತೆರದ ಐತಿ, ಇರಲಿ," ಎಂದರು. ಬೇಟೆಗಾರ ಅದನ್ನು ನೋಡಿ, ತನ್ನ ಕಿತ್ತಳೆ ಟೋಪಿ ತೆಗೆದು ಅವರ ಬೋಳು ತಲೆಗೆ ಇಟ್ಟ.

ನಾವು ಹಿತ್ತಲಿಗೆ ಬರುವುದಕ್ಕೂ ಕಾರು ಬರುವುದಕ್ಕೂ ಸರಿಹೋಯಿತು. ಬಾಣಂತಿಯ ಮುಂದೆ ಹೇಳಬಾರದೆಂದು ನಾನು ಕಣ್ಸನ್ನೆ ಮಾಡಿದೆ. ಅಳಿಯನಿಗೆ ಹೇಳಿದಾಗ ಅವರು ಬಚ್ಚಲ ಬಾಗಿಲಿಗೆ ಒರಗಿ ನಿಂತುಬಿಟ್ಟರು. "ಬ್ಯಾಟಿ ಶುರುವಾಗೂ ತಾರೀಖು ನನಗ ಗೊತ್ತಿತ್ತು ಅವ್ವ. ಖುಷ್ಯಾಗ ಮರತೇ ಹೋತು," ಎಂದರು. ಅವರ ಬೆನ್ನು ಸವರಿದೆ.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ರೊಟ್ಟಿ, ಡಾಕ್ಟರಮ್ಮನ ಪಾಯಸ. ಕೆಂಡಕ್ಕೆ ಹಾಕಿದ ಲೋಬಾನದ ಪರಿಮಳ ಮನೆಯಲ್ಲೆಲ್ಲ. ಕೂಸು ಕೌದಿಯಲ್ಲಿ ಅಜ್ಜನ ತೊಡೆಯ ಮೇಲೆ.

"ಅಪ್ಪಾ, ಇದೆಂಥಾ ಟೋಪಿ? ಅವ್ವಾ, ಹೊಸಾ ಕೌದಿಗಿ ಮುಳ್ಳೆಲ್ಲಿಂದ ಬಂದ್ವು?" ಮಗಳು ಒಬ್ಬೊಬ್ಬರ ಮೋರೆ ನೋಡಿದಳು.

"ಆಮ್ಯಾಲ ಹೇಳ್ತೀನಿ. ಮೊದಲ ನೀ ಉಣ್ಣು," ಎಂದೆ. ಸಾರು ಬಡಿಸುವಾಗ ತಟ್ಟೆಯ ಹೊರಗೂ ಚೆಲ್ಲಿತು.

ನಮ್ಮ ಮನೆಯವರು ಒಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು, ಟೋಪಿ ತೆಗೆಯದೆ, ಇನ್ನೊಂದು ಕೈಯಿಂದ ಉಣ್ಣುತ್ತಿದ್ದರು. "ಇನ್ನೊಂದು ರೊಟ್ಟಿ ಹಾಕು," ಎಂದರು. ನಾನು ಕೇಳದೆಯೇ ಎರಡು ಹಾಕಿದೆ.