ಕಪ್ಪು ಬಾನೆಟ್ ಮೇಲಿನ ಗೀರುಗಳು

2022ರ ಹತ್ತಿ ಸೀಸನ್. ಆಂಧ್ರದ ಗಡಿಯೂರು ಆದೋನಿಯ ಬೈಪಾಸ್ ರಸ್ತೆಯ ಒಂದು ಕಾರ್ ಡೀಟೇಲಿಂಗ್ ಅಂಗಡಿಗೆ ನಾನು ಇನ್‌ಚಾರ್ಜ್. ಡೀಟೇಲಿಂಗ್ ಎಂದರೆ ಬರೀ ನೀರು ಹೊಡೆದು ತೊಳೆಯುವುದಲ್ಲ. ಪೇಂಟಿನ ಮೇಲಿನ ಸಣ್ಣ ಗೀರುಗಳನ್ನು ಮೆಷಿನ್‌ನಿಂದ ತೆಗೆದು, ವ್ಯಾಕ್ಸ್ ಹಚ್ಚಿ, ಕೊನೆಗೆ ಮೈಕ್ರೋಫೈಬರ್ ಬಟ್ಟೆಯಿಂದ ಉಜ್ಜಿ ಹೊಳಪು ತರಬೇಕು. ಇದಕ್ಕೆ ಬಫಿಂಗ್ ಎನ್ನುತ್ತೇವೆ. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದೆ. ನನ್ನಷ್ಟು ಬಲ್ಲವರು ಈ ಊರಲ್ಲಿಲ್ಲ ಎಂಬ ಸೊಕ್ಕೂ ಇತ್ತು.

ಬಟ್ಟೆ ಒಗೆಯುವವಳು ಉರುಕುಂದಮ್ಮ. ನಲವತ್ತು ದಾಟಿದ ಹೆಂಗಸು. ಪೆದ್ದಹರಿವಾಣಂನಿಂದ ದಿನಾ ಆಟೋದಲ್ಲಿ ಬರುತ್ತಿದ್ದಳು. ಮೈಕ್ರೋಫೈಬರ್ ಒಗೆಯುವುದಕ್ಕೆ ಅದರದೇ ಕಟ್ಟುಪಾಡು ಇದೆ. ಗಾಲಿ ಒರೆಸಿದ್ದೂ ಪೇಂಟ್ ಒರೆಸಿದ್ದೂ ಒಂದೇ ಬಕೆಟ್ಟಿಗೆ ಬೀಳಬಾರದು, ಗಾಲಿಯ ಮರಳು ಪೇಂಟಿಗೆ ಗೀರು ಎಳೆಯುತ್ತದೆ. ಟವೆಲ್, ಬನಿಯನ್ ಜೊತೆ ಹಾಕಿದರೆ ಅವುಗಳ ನೂಲು ಹಿಡಿಯುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು. ಬಟ್ಟೆ ಮೆದುವಾಗಲೆಂದು ಹಾಕುವ ಕಂಡೀಷನರ್ ಅಂತೂ ಮುಟ್ಟಲೇಬಾರದು, ಅದು ಎಳೆಗಳಿಗೆ ಮೆತ್ತಿಕೊಂಡರೆ ಬಟ್ಟೆ ನೀರು ಹೀರುವುದಿಲ್ಲ. ಇದನ್ನೆಲ್ಲ ಒಂದು ಸಲ ಹೇಳಿದ್ದೆ. ಎರಡು ವರ್ಷದಲ್ಲಿ ಅವಳು ಒಮ್ಮೆಯೂ ತಪ್ಪಿರಲಿಲ್ಲ. ಒಗೆದದ್ದನ್ನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ, ಫ್ಯಾನಿನ ಕೆಳಗೆ ಒಣಗಿಸುತ್ತಿದ್ದಳು.

ಆ ದಿನ ಒಬ್ಬ ಕಂಟ್ರಾಕ್ಟರ್ ತಮ್ಮ ಕಪ್ಪು ಗಾಡಿ ತಂದರು. ಮರುದಿನ ಮಗಳ ನಿಶ್ಚಿತಾರ್ಥ, ಸಂಜೆಯೊಳಗೆ ಗಾಡಿ ಬೇಕು ಎಂದರು. ಇದ್ದ ನಲವತ್ತು ಬಟ್ಟೆಗಳೂ ಒದ್ದೆ. ಬೇಗ ಒಣಗಲಿ, ಮಾಳಿಗೆ ಮೇಲೆ ಹಾಕು ಎಂದೆ ಉರುಕುಂದಮ್ಮನಿಗೆ. ನಮ್ಮ ಹಿಂದಿನ ಗೋಡೆಯ ಆಚೆಯೇ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್.

“ಮ್ಯಾಲ ಬ್ಯಾಡ್ರಿ ಸಾರ್. ಮಿಲ್ಲಿನ ಕಸ ಹಾರ್ತೈತಿ” ಎಂದಳು.

ಹೇಳಿದಷ್ಟು ಮಾಡು ಎಂದು ಗದರಿದೆ. ಅವಳು ಬಕೆಟ್ ಎತ್ತಿಕೊಂಡು ಮೇಲೆ ಹೋದಳು.

ಬಾನೆಟ್ಟನ್ನು ನಾನೇ ಬಫ್ ಮಾಡಿದೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಏನೂ ಕಾಣಲಿಲ್ಲ. ಗಾಡಿ ಬಿಸಿಲಿಗೆ ಬಂದಾಗ ಈ ತುದಿಯಿಂದ ಆ ತುದಿಯವರೆಗೆ ಗೀರುಗಳು. ಮೈಕ್ರೋಫೈಬರಿನ ಗುಣವೇ ಅದು, ಸಿಕ್ಕಿದ್ದನ್ನು ಹಿಡಿದುಕೊಂಡು ಬಿಡುವುದಿಲ್ಲ. ಕಂಟ್ರಾಕ್ಟರ್ ಕೂಗಾಡಿದರು. ಅಕ್ಕಪಕ್ಕದ ಅಂಗಡಿಗಳವರು ಬಂದು ನೆರೆದರು. ನಾನು ಬಟ್ಟೆ ಕೈಗೆತ್ತಿಕೊಂಡೆ. ಬೆರಳಿಗೆ ಒಂದು ಚೂರು ಚುಚ್ಚಿತು. ಹತ್ತಿಕಾಯಿಯ ಒಣ ಸಿಪ್ಪೆ. ಆ ಕ್ಷಣಕ್ಕೇ ಎಲ್ಲವೂ ಗೊತ್ತಾಯಿತು. ಅದನ್ನು ಕಿತ್ತು ಮುಷ್ಟಿಯಲ್ಲಿ ಅಡಗಿಸಿಕೊಂಡೆ.

“ಒಗಿಯಾಕಿದು ತಪ್ಪು ಸಾರ್. ಗಾಲಿ ಬಟ್ಟಿ ಇದರಾಗ ಕೂಡಿಸ್ಯಾಳ” ಎಂದೆ.

ಕಂಟ್ರಾಕ್ಟರ್ ಅವಳನ್ನು ಕರೆಸಿ ಬಟ್ಟೆಯನ್ನು ಅವಳ ಕಡೆ ಎಸೆದರು. “ಏಮ್ಮಾ, ಇದರಲೇ ನಿನ್ನ ಮಕ ಒರೆಸ್ಕೋ, ನೋಡೋಣ.”

ಅವಳು ನನ್ನತ್ತ ನೋಡಿದಳು. ನಾನು ಬಾನೆಟ್ ನೋಡುತ್ತಿದ್ದೆ. ಒರೆಸಿಕೊಂಡಳು. ಗಟ್ಟಿಯಾಗಿ ಎಂದರು, ಮತ್ತೆ ಒರೆಸಿಕೊಂಡಳು. ಬಟ್ಟೆಯಲ್ಲಿ ಇನ್ನೂ ಚೂರುಗಳಿದ್ದವು. ಕಣ್ಣಿನ ಕೆಳಗೆ ಕೆಂಪಗೆ ಗೀರು ಎದ್ದಿತು. ಯಾರೋ ನಕ್ಕರು. ನಾನೂ ನಕ್ಕೆ. ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಕೆಟ್ಟಿನಲ್ಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದಳು.

ಮೆಷಿನ್ ಹಿಡಿದು ಮತ್ತೆ ಪಾಲಿಶ್ ಮಾಡಿದೆ. ಎರಡು ಗಂಟೆಯಲ್ಲಿ ಗೀರುಗಳೆಲ್ಲ ಹೋದವು. ಕಂಟ್ರಾಕ್ಟರ್ ನನ್ನ ಬೆನ್ನು ತಟ್ಟಿದರು.

ಅದೇ ರಸ್ತೆಯಲ್ಲಿ ಗಾಡಿ ತೊಳೆಯುವ ಇನ್ನೆರಡು ವಾಟರ್ ಸರ್ವಿಸ್ ಅಂಗಡಿ, ಒಂದು ಲಾಡ್ಜ್ ಇದ್ದವು. ಉರುಕುಂದಮ್ಮ ಮೂರೂ ಕಡೆ ಕೆಲಸ ಕೇಳಿದಳಂತೆ. ಗಾಲಿ ಬಟ್ಟೆ ಕೂಡಿಸುವವಳು ಎಂದು ಮೂವರೂ ಬೇಡವೆಂದರಂತೆ. ಅದನ್ನು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ತಿಂಗಳ ನಂತರ ನಾನು ಅವಳ ಊರಿಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೊಸದಾಗಿ ಬಂದವಳಿಗೆ ಒಗೆಯಲು ಬರುತ್ತಿರಲಿಲ್ಲ, ಅದಕ್ಕೆ ಹೋದೆ. ಉರುಕುಂದಮ್ಮ ಕೂಲಿಗೆ ಹತ್ತಿ ಬಿಡಿಸಿ ಆಗಷ್ಟೇ ಹೊಲದಿಂದ ಬಂದಿದ್ದಳು. ನನಗೆ ನೀರು ಕೊಟ್ಟಳು. ಸಿಪ್ಪೆಯ ವಿಷಯ ಹೇಳಿದೆ, ಕೆಲಸಕ್ಕೆ ಬಾ ಎಂದೆ.

“ನನಗ ಅವತ್ತೇ ಗೊತ್ತಿತ್ತಣ್ಣಾ. ನಿಮ್ಮ ಮುಷ್ಟಿ ನೋಡಿದ್ನಿ” ಎಂದಳು. “ಕೆಲಸ ಬ್ಯಾಡ್ರಿ. ಆ ರೋಡಿನ್ಯಾಗ ನಿಂತು, ಆಕಿದು ತಪ್ಪಿಲ್ಲ ಅಂತ ಒಂದು ಮಾತು ಹೇಳ್ರಿ. ಇಲ್ಲಿ ಹೇಳಿದ್ರ ಯಾರಿಗೆ ಕೇಳಿಸ್ತೈತಿ?”

ಆಯಿತು ಎಂದು ಹೇಳಿ ಬಂದೆ.

ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಈಗ ಮೊದಲು ಹೇಳುವುದು, ಮೈಕ್ರೋಫೈಬರನ್ನು ಮುಚ್ಚಿದ ಕೋಣೆಯಲ್ಲೇ ಒಣಗಿಸಬೇಕು ಎಂದು. ಎಲ್ಲಿ ಕಲಿತಿರಿ ಎಂದು ಕೇಳಿದರೆ ಅನುಭವ ಎನ್ನುತ್ತೇನೆ. ಅವಳ ಹೆಸರು ಹೇಳುವುದಿಲ್ಲ. ಆ ರಸ್ತೆಯಲ್ಲಿ ನಿಂತು ಆ ಒಂದು ಮಾತು ಇವತ್ತಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ನಾನು ಕನ್ನಡ ಶಾಲೆಯಲ್ಲಿ ಓದಿದವನು. ಆ ರಸ್ತೆಯವರೆಲ್ಲ ತೆಲುಗು ಓದುವವರು. ಅದು ಗೊತ್ತಿದ್ದೇ ಬರೆದಿದ್ದೇನೆ.