ಮೂಗರಾಜ ಯಾರವನು

ಆ ಊರಿನ ಅರ್ಧ ಜನ ನಗುವುದು ಹಲ್ಲಣ್ಣನ ಕೈಗುಣದಿಂದ. ಅವನಿಗೆ ಅಪ್ಪ ಅಮ್ಮ ಇಟ್ಟ ಬೇರೆ ಹೆಸರಿದೆ, ಆದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲು ಸೆಟ್ಟು ಮಾಡುವವನನ್ನು ಜನ ಇನ್ನೇನೆಂದು ಕರೆದಾರು. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಕಡೆಗೆ ಮೋಟಾರಿಗೆ ಹಿಡಿದು ನಯ ಮಾಡುತ್ತಾನೆ. ಶ್ರೇಯಸ್ಸೆಲ್ಲ ಡಾಕ್ಟರಿಗೆ ಹೋಗುತ್ತದೆ, ಅದಕ್ಕೆ ಅವನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಅವನ ಹೊಟ್ಟೆಕಿಚ್ಚು ಬೇರೆ ಕಡೆ ಉರಿಯುತ್ತಿತ್ತು.

ಉರಿಯುತ್ತಿದ್ದುದು ಗುಳಿಗೆಯ ಮೇಲೆ. ಗುಳಿಗೆ ಅಂದರೆ ಔಷಧಿ ಅಂಗಡಿಯವನು, ಹಲ್ಲಣ್ಣನ ಬಾಲ್ಯದ ಗೆಳೆಯ. ಆ ಮಧ್ಯಾಹ್ನ ಪ್ಲಾಸ್ಟರ್ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ಅವನೇ ಮಾತಾಡುತ್ತಿದ್ದ. ಅವನ ಕಾರ್ಯಕ್ರಮವನ್ನು ಸಾವಿರಾರು ಜನ ನೋಡುತ್ತಾರಂತೆ. “ನಮ್ಮ ಮೂಗರಾಜ ಇದ್ದನಲ್ಲ, ಅವನ ಮುಂದೆ ನಾನು ಮೊದಲ ಸಲ ಮಂಡಿಯೂರಿದ ದಿನ...” ಅಂತ ಗುಳಿಗೆ ಶುರು ಮಾಡಿದ್ದೇ ತಡ, ಹಲ್ಲಣ್ಣನ ಕೈ ಬಿಗಿಯಾಯಿತು. ಮೋಟಾರಿಗೆ ಹಿಡಿದಿದ್ದ ಯಾರೋ ಅಜ್ಜಿಯ ಕೋರೆಹಲ್ಲು ಅರ್ಧಕ್ಕೆ ಇಳಿಯಿತು. ಮೊಬೈಲು ಆರಿಸಿ ಅವನು ಹಲ್ಲು ಕಡಿದ. ಸೆಟ್ಟಿನದಲ್ಲ, ತನ್ನದೇ.

ನಮ್ಮ ಮೂಗರಾಜನಂತೆ. ಯಾವ ನಮ್ಮ?

ಆ ಸಂಕಟ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಹಲ್ಲಣ್ಣ, ಗುಳಿಗೆ ಮತ್ತು ಇನ್ನಿಬ್ಬರು ಗೆಳೆಯರು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದರು. ಅವರು ಆಡುತ್ತಿದ್ದುದು ‘ಏಳು ಕೋಟೆ’ ಎಂಬ ಆಟ. ಅದಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ಒಂದು ಪುಸ್ತಕ, ಎರಡು ದಾಳ, ಮತ್ತು ಬಾಯಿ. ಪುಸ್ತಕದಲ್ಲಿ ಒಂದು ಕಲ್ಪನೆಯ ನಾಡಿದೆ, ಏಳು ಕೋಟೆಗಳಿವೆ, ಒಂದೊಂದಕ್ಕೂ ಒಬ್ಬ ಒಡೆಯನಿದ್ದಾನೆ. ಆಡುವವರಲ್ಲಿ ಒಬ್ಬ ಕತ್ತಿವೀರ, ಒಬ್ಬ ಕಳ್ಳ, ಒಬ್ಬ ಮಾಟಗಾರ. ಉಳಿದ ಇಡೀ ಜಗತ್ತಾಗುವವನು ಸೂತ್ರಧಾರ. ಗಾಳಿಯೂ ಅವನೇ, ಕಾವಲುಗಾರನೂ ಅವನೇ, ರಾಜನೂ ಅವನೇ. ಪುಸ್ತಕ ಹಲ್ಲಣ್ಣನದಾದ್ದರಿಂದ ಸೂತ್ರಧಾರನೂ ಅವನೇ ಆದ. ಪುಸ್ತಕವನ್ನು ಇನ್ನೊಬ್ಬರು ಮುಟ್ಟಕೂಡದು ಅಂತ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ.

ಬಡಗಣ ಕೋಟೆಯ ಬಗ್ಗೆ ಪುಸ್ತಕದಲ್ಲಿ ಇದ್ದುದು ಒಂದೇ ಸಾಲು. ‘ಇಲ್ಲಿ ಆಳುವವನು ಮೂಗರಾಜ, ಅವನ ಆಸ್ಥಾನದಲ್ಲಿ ಮಾತಿಲ್ಲ.’ ಆ ಒಂದು ಸಾಲಿನಿಂದ ಹಲ್ಲಣ್ಣ ಒಬ್ಬ ಮನುಷ್ಯನನ್ನು ಹುಟ್ಟಿಸಿದ. ಉಳಿದ ಒಡೆಯರು ಗುಡುಗುತ್ತಿದ್ದರು, ಶಾಪ ಹಾಕುತ್ತಿದ್ದರು. ಮೂಗರಾಜ ಮಾತ್ರ ಅಂಗೈ ತೆರೆದರೆ ಹೌದು, ಮುಚ್ಚಿದರೆ ಇಲ್ಲ. ಎರಡೂ ಕೈ ಎದೆಗಿಟ್ಟರೆ ಕ್ಷಮಿಸಿದ ಅಂತ. ವಾಚಾಳಿ ಹಲ್ಲಣ್ಣ ರಾಜನಾದ ಗಳಿಗೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕೆಳಗೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಗುಳಿಗೆಯ ಕತ್ತಿವೀರ ತನ್ನ ಅಣ್ಣನನ್ನೇ ಕೊಂದು ಬಂದು ಮಂಡಿಯೂರಿದ ದಿನ, ಹಲ್ಲಣ್ಣ ಬಹಳ ಹೊತ್ತು ಸುಮ್ಮನಿದ್ದು ಎರಡೂ ಕೈ ಎದೆಗಿಟ್ಟ. ಗುಳಿಗೆ ನಿಜವಾಗಿಯೂ ಅತ್ತುಬಿಟ್ಟ. ಅದೊಂದೇ ಭಾನುವಾರ ತನ್ನ ಬದುಕಿಗೆ ಸಾಕು ಅನ್ನಿಸಿತ್ತು ಹಲ್ಲಣ್ಣನಿಗೆ.

ಆಮೇಲೆ ಕೆಲಸ, ಮದುವೆ, ಸಂಸಾರ. ಆಟ ನಿಂತಿತು. ಅಚ್ಚು ಹಾಕುವವರಿಲ್ಲದೆ ‘ಏಳು ಕೋಟೆ’ ಜನರ ಬಾಯಿಂದಲೂ ಮರೆಯಾಯಿತು. ಪುಸ್ತಕ ಅಟ್ಟ ಸೇರಿತು.

ಸತ್ತ ಆಟಕ್ಕೆ ಈಗ ಹೊಸ ಜೀವ ಬಂದಿತ್ತು. ಯಾರೋ ಹೊಸ ಕಾಲದವರು ಹಕ್ಕು ಕೊಂಡು, ಬಣ್ಣದ ಚಿತ್ರ ಹಾಕಿ, ದಪ್ಪ ಪುಸ್ತಕ ತಂದರು. ಧಾರಾವಾಹಿಯೂ ಬರುತ್ತದಂತೆ ಅಂತ ಸುದ್ದಿಯಾಯಿತು. ಮೊಬೈಲಿನಲ್ಲಿ ಅಭಿಮಾನಿಗಳ ಗುಂಪುಗಳು ಅಣಬೆಯಂತೆ ಎದ್ದವು. ಹಳೇದೇ ಚೆನ್ನಾಗಿತ್ತು, ಹೊಸದರಲ್ಲಿ ಮಾಟಗಾರನ ಟೋಪಿ ಸರಿಯಿಲ್ಲ, ಧಾರಾವಾಹಿಯವರು ಕೆಡಿಸುತ್ತಾರೆ ಅಂತ ಹಗಲಿಡೀ ಜಗಳ. ಹಲ್ಲಣ್ಣ ಹೊಸ ಪುಸ್ತಕ ಕೊಂಡು ಮೊದಲು ತೆಗೆದದ್ದು ಬಡಗಣ ಕೋಟೆಯ ಪುಟ. ಅಲ್ಲಿ ಸಿಂಹದ ಮುಖದ ರಾಜನೊಬ್ಬ ಬಾಯಿ ಅಗಲಿಸಿ ನಿಂತಿದ್ದ. ಕೆಳಗೆ ‘ಮೃಗರಾಜ’ ಅಂತ ಬರೆದಿತ್ತು.

“ಹಾಳು ಮಾಡಿಬಿಟ್ರು ಕಣೇ,” ಅಂತ ಅವನು ಹೆಂಡತಿಯ ಮುಂದೆ ಕೂಗಾಡಿದ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ತೂಗಿ ಮಾತಾಡುವವಳು. “ಇಷ್ಟು ವಯಸ್ಸಾದ ಮೇಲೆ ಆಟದ ರಾಜನಿಗೆ ಅಳ್ತೀರಲ್ಲ, ಮನೆ ನಲ್ಲಿ ಸೋರ್ತಿದೆ, ಅದಕ್ಕೆ ಒಂದು ಹನಿ ಅಳಿ,” ಅಂದಳು.

ಅಷ್ಟರಲ್ಲೇ ಗುಳಿಗೆ ಹಳೆ ಆಟಗಾರ ಅಂತ ಮೊಬೈಲಿನಲ್ಲಿ ಕಾಣಿಸಿಕೊಂಡ. ಮೂಗರಾಜನ ಕತೆ ಹೇಳಿದ. ಕತೆ ಕಾಡ್ಗಿಚ್ಚಿನಂತೆ ಹಬ್ಬಿತು. ಹುಡುಗ ಹುಡುಗಿಯರು ಎದೆಗೆ ಎರಡು ಕೈ ಇಟ್ಟುಕೊಂಡ ಫೋಟೋ ಹಾಕತೊಡಗಿದರು. ನಮಗೆ ಸಿಂಹ ಬೇಡ, ಮೂಗನೇ ಬೇಕು ಅಂತ ಕೂಗೆದ್ದಿತು. ಕಡೆಗೆ ಧಾರಾವಾಹಿಯವರು ಒಪ್ಪಿ, ಗುಳಿಗೆಯನ್ನು ಕರೆಸಿ ಮಾತಾಡಿದರು. ಎಲ್ಲೆಲ್ಲೂ ‘ಮೂಗರಾಜನ ಗುಳಿಗೆ’ ಅಂತಲೇ ಆಯಿತು. ಅವನು ಒಂದು ಸಲವೂ ಹಲ್ಲಣ್ಣನ ಹೆಸರೆತ್ತಲಿಲ್ಲ. “ನಮ್ಮ ರೂಮಲ್ಲಿ ಹಾಗೆ ಬಂತು” ಅನ್ನುತ್ತಿದ್ದ, ಅಷ್ಟೇ. ತಾನಾಗಿ ಬರುವುದಕ್ಕೆ ಅದೇನು ಮಳೆಯೇ? ಹಲ್ಲಣ್ಣ ಒಂದು ಗುಂಪಿನಲ್ಲಿ ‘ಮೂಗರಾಜ ನನ್ನವನು’ ಅಂತ ಬರೆದ. ‘ಅಂಕಲ್, ಅವನು ನಮ್ಮೆಲ್ಲರವನು’ ಅಂತ ಯಾರೋ ಹೃದಯದ ಚಿಹ್ನೆ ಹಾಕಿ ಉತ್ತರ ಕೊಟ್ಟರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಹಲ್ಲು ಮಾಡುವವನ ಕಡಲೆಯನ್ನೇ ಇನ್ನೊಬ್ಬ ತಿನ್ನುತ್ತಿದ್ದ.

ಅಭಿಮಾನಿಗಳ ಸಭೆಯೊಂದು ಗ್ರಂಥಾಲಯದ ಮಹಡಿಯಲ್ಲಿ ಏರ್ಪಾಡಾಯಿತು. ಗುಳಿಗೆ ತಾನೇ ಫೋನ್ ಮಾಡಿ ಕರೆದ. “ಬಾರೋ ಹಲ್ಲಣ್ಣ, ನೀನಿಲ್ದೆ ಹೇಗೋ.” ಹಲ್ಲಣ್ಣ ಕೆಲಸ ಇದೆ ಅಂದ. ಫೋನಿಟ್ಟವನೇ ಅಟ್ಟ ಹತ್ತಿ ಹಳೆ ಪುಸ್ತಕ ಇಳಿಸಿ, ಧೂಳು ಒರೆಸಿ, ಹಾಗೇ ಚೀಲಕ್ಕೆ ಹಾಕಿದ. ತೆರೆದು ನೋಡಲಿಲ್ಲ. ಆ ಸಾಲು ಬಾಯಿಪಾಠವಾಗಿರುವಾಗ ನೋಡುವುದೇನು. ಎಲ್ಲರ ಮುಂದೆ ಪುಟ ತೆಗೆದು ಓದಿ, ಆಸ್ಥಾನವನ್ನು ಕಟ್ಟಿದವನು, ಕೈಸನ್ನೆ ಕಟ್ಟಿದವನು, ರಾಜನಾಗಿ ಕೂತವನು ನಾನು ಅಂತ ಹೇಳಬೇಕು. ಗುಳಿಗೆಯ ಮುಖ ಸಣ್ಣಗಾಗುವುದನ್ನು ನೋಡಬೇಕು. ಇದಿಷ್ಟೇ ಅವನ ಆಸೆ.

ಮಹಡಿ ತುಂಬಿತ್ತು. ರಟ್ಟಿನ ಕಿರೀಟದವರು, ಪ್ಲಾಸ್ಟಿಕ್ ಕತ್ತಿಯವರು, ಮಗುವನ್ನು ಸೊಂಟಕ್ಕಿಟ್ಟುಕೊಂಡ ಮಾಟಗಾರ್ತಿಯೊಬ್ಬಳು. ಸಿಂಹದ ಕಡೆಯವರು ಎಡಕ್ಕೆ, ಮೂಗನ ಕಡೆಯವರು ಬಲಕ್ಕೆ. ಹಲ್ಲಣ್ಣ ಹಿಂದಿನ ಸಾಲಿನಲ್ಲಿ ಕೂತ. ವೇದಿಕೆಯ ಮೇಲೆ ಗುಳಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಕೂತಿದ್ದ. ಅವನಿಗೆ ಜನ ಚಪ್ಪಾಳೆ ಹೊಡೆದಾಗಲೆಲ್ಲ ಹಲ್ಲಣ್ಣನ ಹೊಟ್ಟೆಯಲ್ಲಿ ಯಾರೋ ಒಲೆ ಊದಿದಂತಾಗುತ್ತಿತ್ತು.

ಸಿಂಹದ ಕಡೆಯ ಒಬ್ಬ ಎದ್ದು ಕೇಳಿದ. “ಹಳೆ ಪುಸ್ತಕದ ಎರಡು ಪ್ರತಿ ನಾನು ನೋಡಿದೀನಿ. ಎರಡರಲ್ಲೂ ಮೃಗರಾಜ ಅಂತಾನೇ ಇದೆ. ಈ ಮೂಗ ಎಲ್ಲಿಂದ ಬಂದ ಸರ್?”

ಗುಳಿಗೆ ನಕ್ಕ. “ನಮ್ಮ ರೂಮಲ್ಲಿ ಹಾಗೆ ಬಂತಪ್ಪ.”

ಹಾಡಿದ್ದೇ ಹಾಡು. ಹಲ್ಲಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. “ಸುಮ್ಮನೆ ಬಂದಿಲ್ಲ. ನನ್ನ ಪುಸ್ತಕದಲ್ಲಿ ಇದೆ. ಆ ರೂಮಿನ ಸೂತ್ರಧಾರ ನಾನು.”

ಎಲ್ಲರೂ ತಿರುಗಿದರು. ಸಭೆ ನಡೆಸುತ್ತಿದ್ದ ಹುಡುಗಿ ಮೈಕು ಹಿಡಿದು ಓಡಿ ಬಂದಳು. “ಸರ್, ನಿಮ್ಮ ಹತ್ರ ಹಳೆ ಪ್ರತಿ ಇದೆಯಾ? ದಯವಿಟ್ಟು ಆ ಸಾಲು ಓದಿ ಸರ್.” ಹಲ್ಲಣ್ಣ ಗತ್ತಿನಿಂದ ಪುಸ್ತಕ ತೆಗೆದ, ಕನ್ನಡಕ ಏರಿಸಿದ. ಕನ್ನಡಕ ಈಚಿನದು. ಕಣ್ಣು ಹುಟ್ಟಾ ಮಂದವೇ, ಆದರೆ ಕನ್ನಡಕ ಹಾಕಿದರೆ ಹೆಣ್ಣು ಸಿಗುವುದಿಲ್ಲ ಅಂತ ಹರೆಯದಲ್ಲಿ, ಹೆಣ್ಣು ಸಿಕ್ಕ ಮೇಲೆ ಯಾಕೆ ಬೇಕು ಅಂತ ಆಮೇಲೆ, ದಿನ ದೂಡಿಕೊಂಡು ಬಂದಿದ್ದ. ಆ ಪುಟವನ್ನು ಅವನು ಕನ್ನಡಕದಿಂದ ನೋಡಿದ್ದು ಅದೇ ಮೊದಲು.

‘ಇಲ್ಲಿ ಆಳುವವನು ಮೃಗರಾಜ, ಅವನ ಆಸ್ಥಾನದಲ್ಲಿ ಮಾತಿಲ್ಲ.’

ಮಸಿ ಕೂಡ ಹರಡಿರಲಿಲ್ಲ. ಮಕಾರದ ಕೆಳಗೆ ವಟ್ರಸುಳಿ ಸೊಟ್ಟಗೆ ನೇತಾಡುತ್ತ ಅವನನ್ನೇ ನೋಡುತ್ತಿತ್ತು. ಸಿಂಹದ ಭಯಕ್ಕೆ ಆಸ್ಥಾನದಲ್ಲಿ ಮಾತಿಲ್ಲ, ಅಷ್ಟೇ. ಮೂಗ ಎಲ್ಲಿಯೂ ಇರಲಿಲ್ಲ.

“ಓದಿ ಸರ್,” ಅಂದಳು ಹುಡುಗಿ.

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ನುಂಗಿದರೆ ಮೂಗರಾಜ ಕೈಬಿಟ್ಟು ಹೋಗುತ್ತಾನೆ. ಉಗುಳಿದರೆ, ಪುಸ್ತಕವನ್ನು ಯಾರಿಗೂ ಮುಟ್ಟಗೊಡದ ಮಹಾ ಸೂತ್ರಧಾರ ಅಕ್ಷರ ತಪ್ಪು ಓದುತ್ತಿದ್ದ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಅದೂ ಗುಳಿಗೆಯ ಮುಂದೆ. ಹಲ್ಲಣ್ಣ ತಲೆಯೆತ್ತಿದ. ವೇದಿಕೆಯಿಂದ ಗುಳಿಗೆ ಅವನನ್ನೇ ನೋಡುತ್ತಿದ್ದ, ಮತ್ತು ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಅವನದು ಮೊಟ್ಟಮೊದಲ ಮುದ್ರಣದ ಪ್ರತಿ,” ಅಂದ ಗುಳಿಗೆ ಮೈಕಿನಲ್ಲಿ. “ಅದರಲ್ಲಿ ಮೂಗರಾಜ ಅಂತಾನೇ ಅಚ್ಚಾಗಿದೆ. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸೋನು ಒಂದು ಅಕ್ಷರ ತಪ್ಪು ಜೋಡಿಸಿದ್ದ. ಆಮೇಲಿನದರಲ್ಲಿ ತಿದ್ದಿಕೊಂಡ್ರು. ಅಲ್ವೇನೋ ಹಲ್ಲಣ್ಣ?”

ಸಭೆಯೆಲ್ಲ ಇವನ ಬಾಯಿ ನೋಡುತ್ತಿತ್ತು.

“ಹೌದು,” ಅಂದ ಹಲ್ಲಣ್ಣ. “ಅಚ್ಚಿನ ತಪ್ಪು.”

ಮಹಡಿ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಹಲ್ಲಣ್ಣನಿಗಲ್ಲ, ಗುಳಿಗೆಗೂ ಅಲ್ಲ. ಹೆಸರಿಲ್ಲದ ಒಬ್ಬ ಮೊಳೆ ಜೋಡಿಸುವವನಿಗೆ. ಸಿಂಹದ ಕಡೆಯವರೂ ಎದ್ದು ನಿಂತು ಎದೆಗೆ ಕೈ ಇಟ್ಟರು. ಒಂದು ಫೋಟೋ ಸರ್, ಪುಟ ತೋರಿಸಿ ಸರ್ ಅಂತ ಹುಡುಗರು ಮುತ್ತಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಹಲ್ಲಣ್ಣ ಪುಸ್ತಕವನ್ನು ಬಗಲಲ್ಲಿ ಅವುಚಿಕೊಂಡು, ಹಾಳೆ ಪುಡಿಯಾಗುತ್ತೆ ಅಂತ ತೊದಲುತ್ತ ಮೆಟ್ಟಿಲ ಕಡೆಗೆ ನಡೆದ.

ಗುಳಿಗೆ ಏದುಸಿರು ಬಿಡುತ್ತ ಮೆಟ್ಟಿಲಲ್ಲೇ ಹಿಡಿದ.

“ನಿನಗೆ ಯಾವಾಗ ಗೊತ್ತಾಯ್ತು?” ಅಂತ ಕೇಳಿದ ಹಲ್ಲಣ್ಣ.

“ಆಗಲೇ. ನೀನು ಒಂದಿನ ಟೀ ತರೋಕೆ ಕೆಳಗೆ ಹೋಗಿದ್ಯಲ್ಲ, ತೆಗೆದು ನೋಡಿದ್ದೆ.”

“ಹೇಳ್ಲಿಲ್ಲ?”

“ಹೇಳಿದ್ರೆ ನೀನು ಸಿಂಹ ಮಾಡ್ತಿದ್ದೆ. ಗರ್ಜನೆ ಯಾರು ಬೇಕಾದ್ರೂ ಮಾಡ್ತಾರೆ ಕಣೋ.” ಗುಳಿಗೆ ಕಂಬಿ ಹಿಡಿದು ಉಸಿರು ತೆಗೆದುಕೊಂಡ. “ಕಾರ್ಯಕ್ರಮದಲ್ಲಿ ನಿನ್ನ ಹೆಸರು ಹೇಳೋಣ ಅಂತ ಎಷ್ಟು ಸಲ ಬಾಯಿಗೆ ಬಂತು. ಹೇಳಿದ್ರೆ ಇವರೆಲ್ಲ ಪುಸ್ತಕ ತೋರಿಸಿ ಅಂತ ನಿನ್ನ ಮನೆ ಬಾಗಿಲಿಗೇ ಬರ್ತಿದ್ರು. ನಿನ್ನ ಮಾನ ಹೋಗ್ತಿತ್ತು. ಈಗ್ಲೂ ಏನಾಗಿಲ್ಲ. ನಡಿ ಒಳಗೆ, ತಪ್ಪು ಓದಿದ್ದು ನಾನೇ ಅಂತ ಹೇಳು. ರಾಜ ನಿನ್ನವನೇ ಆಗ್ತಾನೆ.”

ಇಷ್ಟು ದಿನ ಗುಳಿಗೆಯ ಹೆಸರಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವನ ಒಳ್ಳೆಯತನದ ಮೇಲೂ ಹತ್ತಿಕೊಂಡಿತು. ಬಯ್ಯಲು ಒಂದು ಕಾರಣವನ್ನಾದರೂ ಉಳಿಸಬಾರದಿತ್ತೇ ಈ ಮನುಷ್ಯ. ಒಳಗಿನಿಂದ ಇನ್ನೂ ಚಪ್ಪಾಳೆ ಕೇಳಿಸುತ್ತಿತ್ತು. ಹಲ್ಲಣ್ಣ ಒಂದು ಮೆಟ್ಟಿಲು ಮೇಲೆ ಹತ್ತಿದ, ನಿಂತ, ಮತ್ತೆ ಇಳಿದ.

“ಅಜ್ಜಿದೊಂದು ಸೆಟ್ಟು ಅರ್ಜೆಂಟಿದೆ,” ಅಂದು ಹೊರಟುಹೋದ.

ಧಾರಾವಾಹಿ ಶುರುವಾದ ದಿನ ಗಂಡ ಹೆಂಡತಿ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತರು. ಮೂಗರಾಜ ಬಂದ. ಬಿಳಿ ಗಡ್ಡದ ನಟ ಬಹಳ ಹೊತ್ತು ಸುಮ್ಮನಿದ್ದು, ಎರಡೂ ಕೈ ಎದೆಗಿಟ್ಟ. ಲೆಕ್ಕ ತಪ್ಪದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಡೆಯಲ್ಲಿ ಹೆಸರುಗಳು ಸರಿದವು. ಕೃತಜ್ಞತೆ ಅಂತ ಗುಳಿಗೆಯ ಹೆಸರು ಬಂತು. ಅದರ ಕೆಳಗೆ, ‘ಮತ್ತು ಮೂಗರಾಜನನ್ನು ನಮಗೆ ಕೊಟ್ಟ, ಹೆಸರು ತಿಳಿಯದ ಆ ಮೊಳೆ ಜೋಡಿಸುವವರಿಗೆ’ ಅಂತ.

“ಯಾರೋ ಪುಣ್ಯಾತ್ಮ,” ಅಂದಳು ಅವಳು. “ಇದಾನೋ ಇಲ್ವೋ. ಇದ್ದು ಇದನ್ನ ನೋಡಿದ್ರೆ ಎಷ್ಟು ಖುಷಿಪಡ್ತಿದ್ದ, ಅಲ್ವೇನ್ರೀ?”

“ಅಂಥದ್ದೇನು ಮಾಡಿದಾನೆ ಅವನು? ಒಂದು ಅಕ್ಷರ ತಪ್ಪು ಮಾಡಿದಾನೆ, ಅಷ್ಟೇ ತಾನೇ,” ಅಂದ ಹಲ್ಲಣ್ಣ. ದನಿ ತನಗೇ ಒರಟಾಗಿ ಕೇಳಿಸಿತು.

ಹೆಂಡತಿ ತಟ್ಟೆ ಕೆಳಗಿಟ್ಟು ಅವನನ್ನು ನೋಡಿದಳು. “ಗುಳಿಗೆ ಮೇಲೆ ಆಯ್ತು. ಈಗ ಮುಖ ನೋಡದವನ ಮೇಲೂ ಹೊಟ್ಟೆಕಿಚ್ಚೇನ್ರೀ ನಿಮಗೆ?”

ಹಲ್ಲಣ್ಣ ಹೌದೆಂದು ತಲೆಯಾಡಿಸಿದ.