ನಾಲ್ಕಂಕಿಯ ಗುಟ್ಟು, ಗಿಳಿಹಸಿರು ಕಣ

ಆಯುಧಪೂಜೆಯ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮನೆಯ ಗ್ರಹಚಾರ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಹೋಗಿದ್ದ ಕರೆಂಟು ಆಗಷ್ಟೇ ಬಂದಿತ್ತು. ಗೋಡೆಯ ಗಡಿಯಾರ ನೋಡಿ, ಇನ್ನೂ ಆರು ನಲವತ್ತು, ಇನ್ನೆಷ್ಟು ಜನ ಬರುವವರಿದ್ದಾರೋ ಎಂದುಕೊಂಡೆ. ಅಂದುಕೊಳ್ಳುತ್ತಿರುವಾಗಲೇ ನನ್ನ ಎರಡು ಕೈಗಳು ಆ ಕೆಲಸ ಮಾಡಿ ಮುಗಿಸಿದವು. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಆ ಗಡಿಯಾರ ಕಾಣುತ್ತದೆ, ಆಮೇಲೆ ಆ ಕೈಗಳು. ಬಿ.ಕಾಂ. ಪಾಸು ಮಾಡಿದ ಕೈಗಳು.

ಅರಸೀಕೆರೆಯಲ್ಲಿ ಎ.ಟಿ.ಎಂ. ಮುಂದೆ ಜನ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಕಾಲ ಅದು. ನಮ್ಮತ್ತೆ ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಗ್ಗಿ ಹೇಳಿಕೊಟ್ಟು ನಿವೃತ್ತರಾಗಿದ್ದರು. ತಿಂಗಳಿಗೊಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತು ಸರ್ಕಾರದ ಪಿಂಚಣಿ ತರುತ್ತಿದ್ದರು. ಆ ದುಡ್ಡು ಅವರದ್ದೇ. ಮದುವೆಯಾದ ಮೇಲೆ ಒಂದು ದಿನವೂ ಮಾವನ ಮುಂದೆ ಕೈಚಾಚಿದವರಲ್ಲ ಎಂಬುದು ಅವರ ಹೆಮ್ಮೆ. ಕೈಚಾಚಿದ್ದರೂ ತಾನು ಕೊಡುತ್ತಿರಲಿಲ್ಲ ಎಂಬುದು ಮಾವನ ತಮಾಷೆ. ಆ ವರ್ಷ ಅತ್ತೆ ಬ್ಯಾಂಕಿನಲ್ಲಿ ಒಂದಿಷ್ಟು ಹಣ ಹಾಗೇ ಉಳಿಸಿಕೊಂಡಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೇಸಿಗೆಯಲ್ಲಿ ಆಪರೇಷನ್ ಮಾಡಿಸಿಕೊಂಡು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಬೇಕೆಂಬುದು ಅವರ ಆಸೆ.

ಅಷ್ಟರಲ್ಲಿ ಬ್ಯಾಂಕಿನವರು ಪಿಂಚಣಿದಾರರಿಗೆಲ್ಲ ಕಾರ್ಡು ಕೊಟ್ಟರು. ಕಾರ್ಡು ಒಂದು ಲಕೋಟೆಯಲ್ಲಿ ಬಂತು, ಅದರ ನಾಲ್ಕಂಕಿಯ ಪಿನ್ ನಂಬರು ಇನ್ನೊಂದರಲ್ಲಿ, ಬ್ಯಾಂಕಿನ ವೆಬ್‌ಸೈಟಿಗೆ ಹೋಗುವ ಪಾಸ್‌ವರ್ಡು ಮತ್ತೊಂದರಲ್ಲಿ. ಪಿನ್ನಿನ ಕಾಗದವನ್ನು ನಾಲ್ಕೂ ಅಂಚು ಹರಿದು ಬಿಡಿಸಬೇಕು. ಒಳಗೆ, ಇದನ್ನು ಯಾರಿಗೂ ತಿಳಿಸಬೇಡಿ ಎಂದು ದಪ್ಪಕ್ಷರದಲ್ಲಿತ್ತು. ಅತ್ತೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮೂವತ್ತು ವರ್ಷ ಮಕ್ಕಳಿಗೆ ಗಟ್ಟಿಯಾಗಿ ಓದಿಸಿದವರಿಗೆ ಬೇರೆ ಥರ ಓದಲು ಬರುವುದಿಲ್ಲ. ನಂಬರನ್ನೂ ಓದಿದರು. ಪಕ್ಕದ ಮನೆಯ ಒಗ್ಗರಣೆಯ ಸದ್ದು ಒಂದು ಕ್ಷಣ ನಿಂತಂತಾಯಿತು.

ಹೊಸದಾಗಿ ಮನೆಗೆ ಬಂದ ಸಾಮಾನು ಯಾವುದಿದ್ದರೂ ಆಯುಧಪೂಜೆಗೆ ಇಡಲೇಬೇಕು. ಹೊಲಿಗೆ ಮಿಷನ್ನು, ಮಾವನ ಸೈಕಲ್ಲು, ಈಳಿಗೆಮಣೆಗಳ ಜೊತೆ ಆ ಸಲ ಕಾರ್ಡಿಗೂ ಪೂಜೆಯಾಯಿತು. ಆದರೆ ಅತ್ತೆ ಜಾಣೆ. ಎಣ್ಣೆ ಕುಂಕುಮ ತಗುಲಿದರೆ ಮಿಷನ್ನು ಕಾರ್ಡು ತೆಗೆದುಕೊಳ್ಳುವುದಿಲ್ಲವೆಂದು, ಅದನ್ನು ಒಂದು ರವಿಕೆ ಕಣದ ಮಡಿಕೆಯೊಳಗೆ ತೂರಿಸಿ, ಗೊಂಬೆಗಳ ಕೆಳಗಿನ ಮೆಟ್ಟಿಲ ಮೇಲೆ ಇಟ್ಟರು. ಗಂಧ, ಕುಂಕುಮ, ಅಕ್ಷತೆಗೆ ಏನಾದರೂ ಬೇಕಲ್ಲ? ಪಿನ್ನಿನ ಕಾಗದವನ್ನು ಬಿಡಿಸಿ ಪಟ್ಟದ ಗೊಂಬೆಗೆ ಒರಗಿಸಿ ನಿಲ್ಲಿಸಿದರು. ರಾಜನ ಎಡಗೈಯಲ್ಲಿ ಕತ್ತಿ, ಬಲಗಡೆ ನಮ್ಮತ್ತೆಯ ಗುಟ್ಟು.

ಸಂಜೆ ಗೊಂಬೆ ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ಅತ್ತೆ ಒಂದೊಂದೇ ಗೊಂಬೆ ತೋರಿಸುತ್ತ, ಕೊನೆಗೆ ಕಾಗದದ ಹತ್ತಿರ ಬಂದು ದನಿ ತಗ್ಗಿಸುತ್ತಿದ್ದರು.

"ಇದು ನನ್ ಪಿಂಚಣಿ ಕಾರ್ಡಿನ ನಂಬರು. ಯಾರ್ಗೂ ಹೇಳಂಗಿಲ್ಲ."

"ನಾವ್ಯಾಕ್ ಹೇಳಣ ಬಿಡಿ ಟೀಚರಮ್ಮ," ಎಂದರು ಎದುರುಮನೆ ಶಾರದಮ್ಮ, ಟೈಲರ್ ಅಂಗಡಿಯವರ ಹೆಂಡತಿ. ಬಗ್ಗಿ ಓದಿದರು. "ಅಯ್ ಶಿವನೆ! ನಮ್ಮನೆಯೋರ ಸ್ಕೂಟರ್ ನಂಬರೂ ಇದೇ ಕಣ್ರೀ!"

"ಹೌದಲ್ಲ! ಮರೆಯಂಗೇ ಇಲ್ಲ ಬಿಡಿ," ಎಂದರು ಇನ್ನೊಬ್ಬರು. ಎಲ್ಲರಿಗೂ ಖುಷಿಯಾಯಿತು. ನನಗೂ ಆಯಿತು, ದೇವರಾಣೆ. ಕಡಲೆಕಾಳಿನ ಉಸಲಿ ಹಂಚುತ್ತ ನಾನೂ ನಕ್ಕೆ.

ಕರೆಂಟು ಹೋಗಿದ್ದಾಗ ಐದು ಜನ ಒಟ್ಟಿಗೆ ಬಂದು ಕೂತಿದ್ದರು. ದೀಪ ಬಂದ ಕೂಡಲೇ ಎದ್ದರು. ನಾನು ತಾಂಬೂಲ ಜೋಡಿಸತೊಡಗಿದೆ: ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ. ನಾಲ್ಕಾದ ಮೇಲೆ ಕಣ ಮುಗಿಯಿತು. ಮೆಟ್ಟಿಲ ಮೇಲೆ ಒಂದಿತ್ತಲ್ಲ! ಗಿಳಿಹಸಿರು ಬಟ್ಟೆ, ನೇರಳೆ ಅಂಚು. ಎತ್ತಿದೆ, ಚೀಲಕ್ಕೆ ಹಾಕಿದೆ, ಕೊಟ್ಟೆ. ಯಾರಿಗೆ? ಆಗ ನಾನು ಗಡಿಯಾರ ನೋಡುತ್ತಿದ್ದೆ.

ಗೊತ್ತಾದದ್ದು ಮರುದಿನ ವಿಜಯದಶಮಿಯ ಬೆಳಗ್ಗೆ, ಪೂಜೆ ಕದಲಿಸುವಾಗ. "ಶೈಲಾ, ಆ ಹಸಿರು ಕಣ ಎಲ್ಲೇ?" ಎಂದರು ಅತ್ತೆ. ನಾನು ಕಾಫಿ ಸೋಸುತ್ತಿದ್ದೆ. ಲೋಟ ತುಂಬಿ ಹರಿದು ಕಟ್ಟೆಯಿಂದ ಕಾಲಿನ ಮೇಲೆ ಬಿದ್ದರೂ ಸೋಸುತ್ತಲೇ ಇದ್ದೆನಂತೆ.

ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೊಟ್ಟ ತಾಂಬೂಲವನ್ನು ವಾಪಸು ಕೇಳುವುದುಂಟೇ? ಅದಕ್ಕಿಂತ ಹೆಚ್ಚಾಗಿ, ಕೇಳುವುದೆಂದರೆ ತಿಳಿಸಿದ ಹಾಗೆಯೇ. ಬೀದಿಗೆಲ್ಲ ನಂಬರು ಬಾಯಿಪಾಠ. ಕಾರ್ಡು ತನ್ನ ಮನೆಯ ಬೀರುವಿನಲ್ಲಿದೆ ಎಂಬುದೊಂದು ಆ ಒಬ್ಬಾಕೆಗೆ ಗೊತ್ತಿರಲಿಲ್ಲ. ಅದನ್ನೂ ನಾವೇ ಹೋಗಿ ಹೇಳುವುದೇ? ಅವರೆಲ್ಲ ಒಳ್ಳೆಯವರೇ. ಆದರೆ ಆ ಬೆಳಗ್ಗೆ ನನ್ನ ಮನಸ್ಸು ಒಬ್ಬೊಬ್ಬರನ್ನೂ ಕಟಕಟೆಗೆ ಹತ್ತಿಸಿ ಇಳಿಸಿತು. ಶಾರದಮ್ಮ ವಾರದ ಹಿಂದೆ ಹೊಸ ಓಲೆ ನೋಡಿಬಂದದ್ದು ಕೂಡ ನೆನಪಾಯಿತು. ಭಯಕ್ಕೆ ಮರ್ಯಾದೆ ಇರುವುದಿಲ್ಲ.

ಬ್ಯಾಂಕಿಗೆ ರಜ, ಅದರ ಮಾರನೆಯ ದಿನ ಭಾನುವಾರ. ಕಾರ್ಡಿನ ಜೊತೆ ಬಂದಿದ್ದ ಫೋನ್ ನಂಬರಿಗೆ ಮಾಡಿದರೆ ವೀಣೆ ಕೇಳಿಸುತ್ತಿತ್ತು, ಮನುಷ್ಯರಲ್ಲ. ಆಗ ನನಗೆ ಆ ಮೂರನೆಯ ಲಕೋಟೆ ನೆನಪಾಯಿತು. ಪಿನ್ನನ್ನು ವೆಬ್‌ಸೈಟಿನಲ್ಲೂ ಬದಲಾಯಿಸಿಕೊಳ್ಳಬಹುದೆಂದು ಅದರಲ್ಲಿತ್ತು. ಮೂರೂ ಕಾಗದಗಳನ್ನು ಅತ್ತೆ ರವಿಕೆಯೊಳಗಿಟ್ಟುಕೊಂಡರು. ಸ್ಟೇಷನ್ ರಸ್ತೆಯ ಬ್ರೌಸಿಂಗ್ ಸೆಂಟರಿಗೆ ಓಡಿದೆವು.

ಸೆಂಟರಿನ ಯಜಮಾನರು ನಂಜುಂಡಪ್ಪನವರು, ಹಿಂದೆ ಅದೇ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವರು. ಅಲ್ಲಿ ನೋಡಿದರೆ ಆರು ಕಂಪ್ಯೂಟರುಗಳೂ ಚೆಂಡುಹೂವಿನ ಹಾರ ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಧ್ಯಾನದಲ್ಲಿದ್ದವು. ಮೌಸಿಗೂ ಒಂದೊಂದು ಕುಂಕುಮದ ಬೊಟ್ಟು.

"ಪೂಜೆಗಿಟ್ಟೀನಿ ಕಣಮ್ಮ. ಐನೋರು ಬಂದು ಕದಲಿಸೋ ತಂಕ ಮುಟ್ಟಂಗಿಲ್ಲ."

"ಎಷ್ಟೊತ್ತಿಗೆ ಬರ್ತಾರೆ?"

"ಅವ್ರು ಮಾಲೇಕಲ್ಲಿಗೆ ಹೋಗವ್ರೆ. ಬೆಟ್ಟ ಇಳಿದ್ ಮ್ಯಾಕೆ."

ನಾವಿಬ್ಬರೂ ಅಲ್ಲಿನ ಬೆಂಚಿನ ಮೇಲೆ ಕೂತೆವು. ನನಗೆ ರೇಗುತ್ತಿತ್ತು. ಅತ್ತೆಗೆ ರೇಗಲಿಲ್ಲ, ಆ ಮನುಷ್ಯ ಮಾಡುತ್ತಿದ್ದುದು ಸರಿಯೇ ಎಂದು ಅವರಿಗೆ ತೋರುತ್ತಿತ್ತು. ಆದರೆ ಸೆರಗಿನ ತುದಿಯನ್ನು ಹುರಿಮಾಡಿ ಬಿಚ್ಚಿ ಹುರಿಮಾಡುತ್ತಿದ್ದರು. ಅರ್ಧ ಗಂಟೆಯಾದ ಮೇಲೆ, ಯಾರ ಮುಖವನ್ನೂ ನೋಡದೆ ಹೇಳಿದರು: "ಕಣ್ಣಿನ ದುಡ್ಡು ಹೋದ್ರೆ ಹೋಗ್ಲಿ ಕಣೇ. ಇನ್ಮೇಲೆ ನಿಮ್ಮಾವನ್ನ ಕೇಳ್ಬೇಕಲ್ಲ, ಒಂದೊಂದಕ್ಕೂ."

ನಂಜುಂಡಪ್ಪನವರು ಆ ಮಾತು ಕೇಳಿಸಿಕೊಂಡರೆಂದು ಕಾಣುತ್ತದೆ. "ಟೀಚರಮ್ಮ, ನನ್ ತಂಗೀಗೆ ಮಗ್ಗಿ ಕಲಿಸ್ದೋರು ನೀವೇ. ದೇವ್ರು ಒಂದನ್ನ ಮಾಫಿ ಮಾಡ್ತಾನೆ," ಎಂದು ಮೂಲೆಯ ಕಂಪ್ಯೂಟರಿನ ಹಾರ ಬಲಕ್ಕೆ ಸರಿಸಿ, ಕೈಮುಗಿದು, ಸ್ವಿಚ್ಚು ಹಾಕಿದರು.

ಮುಂದಿನದನ್ನು ಹೇಗೆ ವರ್ಣಿಸಲಿ? ಒಂದು ನೀಲಿ ಪುಟ, ಮೇಲಿನಿಂದ ಕೆಳಕ್ಕೆ, ಪರದೆ ಬಿಟ್ಟ ಹಾಗೆ ನಿಧಾನವಾಗಿ ಇಳಿಯಿತು. ಪಾಸ್‌ವರ್ಡು ಕೇಳಿತು, ಕಾರ್ಡಿನ ಹದಿನಾರಂಕಿ ಕೇಳಿತು. ಕಾಗದ ನೋಡಿ ಒತ್ತಿದೆ. ಹಳೆಯ ಪಿನ್ ಕೇಳಿತು. ಅದಕ್ಕೆ ಕಾಗದ ಬೇಕಿರಲಿಲ್ಲ, ಶಾರದಮ್ಮನವರ ಸ್ಕೂಟರು ಕಣ್ಣಮುಂದಿತ್ತು. ಹೊಸ ಪಿನ್ ಎಂದು ಬಂದ ಕೂಡಲೇ ಅತ್ತೆ ನನ್ನ ಭುಜ ಹಿಡಿದು ಎಬ್ಬಿಸಿದರು.

"ನೀನು ಆಚೆ ಹೋಗು. ನೀವೂ ಹೋಗ್ರೀ ನಂಜುಂಡಪ್ಪ."

"ನಿಮ್ಮ ಹುಟ್ಟಿದ ವರ್ಷ, ಮನೆ ನಂಬರು ಹಾಕ್ಬೇಡಿ ಅತ್ತೆ."

"ಏನ್ ಹಾಕ್ಬಾರ್ದು ಅಂತ ಈಗ ಗೊತ್ತಾಗೈತೆ, ಹೋಗೇ."

ತಲೆಯ ಮೇಲೆ ಸೆರಗು ಹೊದ್ದು, ಆ ಸೆರಗನ್ನು ಕಂಪ್ಯೂಟರಿನ ಮೇಲೂ ಎಳೆದುಕೊಂಡರು. ಬಾಗಿಲಿನಿಂದ ನೋಡಿದರೆ ಅತ್ತೆಯೂ ಯಂತ್ರವೂ ಒಂದೇ ಗುಡಾರದೊಳಗೆ ಕೂತು ಮಾತಾಡಿಕೊಳ್ಳುವಂತಿತ್ತು. ಮೊದಲ ಸಲ ಅವರು ಗಟ್ಟಿಯಾಗಿ ಓದದೆ ಏನನ್ನೋ ಮಾಡಿದರು. ಎಷ್ಟೋ ಹೊತ್ತಿನ ಮೇಲೆ ಗುಡಾರದಿಂದ ದನಿ ಬಂತು: "ನಾನು ಒತ್ತಿದ್ದೆಲ್ಲ ಚುಕ್ಕಿ ಆಯ್ತಲ್ಲೇ! ನಂಗೂ ಕಾಣದಂಗೆ ಮಾಡ್ತು!" ಬೇಸರವಿರಲಿಲ್ಲ ಆ ದನಿಯಲ್ಲಿ, ಗೌರವವಿತ್ತು. ಗುಟ್ಟೆಂದರೆ ಹೀಗಿರಬೇಕು ಎಂದು ಮೆಚ್ಚಿದ ಹಾಗೆ. ಬದಲಾವಣೆ ಯಶಸ್ವಿಯಾಗಿದೆ ಎಂಬರ್ಥದ ಒಂದು ಸಾಲು ಬಂತು. ನಾನು ಲಾಗೌಟ್ ಮಾಡಿದೆ. ಹೊರಗೆ ಬಂದು, ಮಾಡಿದೆನೋ ಇಲ್ಲವೋ ಎಂದು ಅನುಮಾನ ಬಂದು, ಮತ್ತೆ ಓಡಿ ಹೋಗಿ ನೋಡಿದೆ. ನಂಜುಂಡಪ್ಪನವರು ಆಗಲೇ ಅದಕ್ಕೆ ಹಾರ ಹಾಕಿ ಧ್ಯಾನಕ್ಕೆ ಕೂರಿಸಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ದಾರಿಯಲ್ಲಿ ಅತ್ತೆ ನಿಂತು ಕೇಳಿದರು: "ನಂಬರು ಬದಲಾಗಿದ್ದು ಇಲ್ಲಿ. ಕಾರ್ಡು ಅದ್ಯಾರ ಮನೆ ಬೀರುವಲ್ಲೋ ಐತೆ. ಅದಕ್ಕೆ ಹೇಳೋರ್ಯಾರೇ?" ಕಾರ್ಡಿಗೆ ಏನೂ ಗೊತ್ತಿರುವುದಿಲ್ಲ, ಬೀಗ ಇರುವುದು ಬ್ಯಾಂಕಿನಲ್ಲಿ ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು. ನಾನೂ ಆಡಿಸಿದೆ. ಇಬ್ಬರೂ ನಂಬಲಿಲ್ಲ. ಆ ಸಂಜೆ ಶಾಸ್ತ್ರದ ಪ್ರಕಾರ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಗೊಂಬೆಗಳು ಮಲಗಿದವು, ನಾವು ಎಚ್ಚರವಾಗಿದ್ದೆವು. ಸೋಮವಾರ ಬ್ಯಾಂಕಿನವರು, ಹಣವೆಲ್ಲ ಹಾಗೇ ಇದೆ, ಆದರೂ ಆ ಕಾರ್ಡು ರದ್ದು ಮಾಡಿಸಿ ಹೊಸದು ತಗೊಳ್ಳಿ ಎಂದರು. ಪೂಜೆ ಮಾಡಿದ್ದನ್ನು ರದ್ದು ಮಾಡಿಸಲು ಅತ್ತೆ ಒಪ್ಪಲಿಲ್ಲ. "ಬರುತ್ತೆ ಬಿಡಿ" ಎಂದರು. ಹಗಲು ಇಷ್ಟು ಧೈರ್ಯ. ರಾತ್ರಿ ಮಗ್ಗುಲು ಬದಲಾಯಿಸುವ ಸದ್ದು ಗೋಡೆಯಾಚೆಗೂ ಕೇಳುತ್ತಿತ್ತು. ನಾನು ಗೊಂಬೆ ಎತ್ತಿಡುವ ಮುಂಚೆ ನೋಡಿಬರುವ ನೆಪದಲ್ಲಿ ಐದೂ ಮನೆಗೆ ಹೋಗಿ ಐದು ತಾಂಬೂಲ ತಂದೆ. ಗಿಳಿಹಸಿರು ಯಾವುದೂ ಅಲ್ಲ.

ಚಳಿಗಾಲ ಹಾಗೇ ಕಳೆಯಿತು. ಮಾಘದಲ್ಲಿ ಹಳೇಬೀಡಿನ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿ ಬಂದೆವು. ಮನೆಯಲ್ಲಿ ಅತ್ತೆ ತಾಂಬೂಲದ ಚೀಲ ಸುರಿದರು. ಎಲೆ, ಅಡಿಕೆ, ಕಾಯಿ, ಆಮೇಲೆ ಗಿಳಿಹಸಿರು ಬಟ್ಟೆ, ನೇರಳೆ ಅಂಚು. ಅತ್ತೆ ಮಡಿಕೆ ಬಿಚ್ಚಲಿಲ್ಲ. ಹೊರಗಿನಿಂದಲೇ ಬೆರಳಿನಲ್ಲಿ ಒತ್ತಿ ನೋಡಿದರು. ಗಟ್ಟಿಯಾಗಿ, ಚೌಕವಾಗಿ ಏನೋ ಸಿಕ್ಕಿತು. ನೆಲದ ಮೇಲೆ ಹಾಗೇ ಕೂತುಬಿಟ್ಟರು.

ನಮ್ಮ ಕಡೆಯ ಹೆಂಗಸರಲ್ಲಿ ಒಂದು ಪದ್ಧತಿ ಉಂಟು. ತಾಂಬೂಲದಲ್ಲಿ ಬಂದ ಕಣ ಹೊಲಿಸುವಂತಿಲ್ಲದಿದ್ದರೆ ಇನ್ನೊಬ್ಬರಿಗೆ ಕೊಡುತ್ತಾರೆ. ಕೊಟ್ಟವರಿಗೇ ತಿರುಗಿ ಕೊಟ್ಟು ಮಾನ ಕಳೆದುಕೊಳ್ಳಬಾರದೆಂದು, ಯಾರಿಂದ ಬಂತೆಂಬುದನ್ನು ಅದರ ಕಾಗದದ ಪಟ್ಟಿಯ ಮೇಲೆ ಸಣ್ಣಗೆ ಬರೆದಿಡುತ್ತಾರೆ. ಈ ಕಣದ ಪಟ್ಟಿಯ ಮೇಲೆ ಒಂದರ ಕೆಳಗೊಂದು, ಬೇರೆ ಬೇರೆ ಕೈಬರಹದಲ್ಲಿ: "ಟೀಚರಮ್ಮ, ದಸರಾ." "ಶಾರದಕ್ಕ." "ಬೇಲೂರು ಸೀಮಂತ." "ಬಸ್ತಿಹಳ್ಳಿ ಅತ್ತಿಗೆ." ಟೈಲರ್ ಮನೆಯಿಂದಲೇ ಹೊಲಿಸಿಕೊಳ್ಳದೆ ಹೊರಬಿದ್ದ ಕಣವನ್ನು ಇನ್ಯಾರು ಹೊಲಿಸಿಯಾರು? ನಮ್ಮ ಹೆಸರು ಮೊದಲ ಸಾಲಿನಲ್ಲಿದ್ದರೂ, ಹಳೇಬೀಡಿನವರಿಗೆ ನಾವು ಟೀಚರಮ್ಮನಲ್ಲ, ಬರಿಯ ನೆಂಟರು.

ಬೇಲೂರಿನ ಗುಡಿಯಲ್ಲಿ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೊರೆದದ್ದನ್ನು ಕಾಲೇಜಿನ ಪ್ರವಾಸದಲ್ಲಿ ನಮಗೆ ತೋರಿಸಿದ್ದರು. ಹೆಸರು ಎಲ್ಲರಿಗೂ ಕಾಣುವ ಹಾಗಿದೆ. ಆದರೆ ಆ ಕಂಬಗಳನ್ನು ಬಳೆಯ ಹಾಗೆ ನುಣ್ಣಗೆ ಹೇಗೆ ತಿರುವಿದರೋ, ಅದನ್ನು ಎಲ್ಲೂ ಬರೆದಿಡಲಿಲ್ಲ. ಯಾವುದನ್ನು ಬರೆಯಬೇಕು, ಯಾವುದನ್ನು ಬರೆಯಬಾರದು ಎಂಬುದು ಅವರಿಗೆ ಗೊತ್ತಿತ್ತು. ಪೆನ್ಸಿಲ್ಲಿನ ಆ ನಾಲ್ಕು ಸಾಲು ನೋಡುತ್ತ ನನಗೆ ಅಂದಿನ ಹಾಗೆಯೇ ಮೈ ಜುಮ್ಮೆಂದಿತು. ಅತ್ತೆಯ ಕಣ್ಣಿನ ದುಡ್ಡಿನ ಕೀಲಿ ನಾಲ್ಕು ಬೀರುಗಳಲ್ಲಿ ಮಲಗೆದ್ದು ಬಂದಿತ್ತು. ಯಾರೂ ಮಡಿಕೆ ಬಿಚ್ಚಿರಲಿಲ್ಲ. ಕಟಕಟೆಗೆ ಹತ್ತಿಸಿದ್ದ ಶಾರದಮ್ಮನವರಿಗೆ ನಾನು ಮನಸ್ಸಿನಲ್ಲೇ ತಪ್ಪುಕಾಣಿಕೆ ಒಪ್ಪಿಸಿದೆ.

ಮರುದಿನ ಗುರುವಾರ ಬೆಳಗ್ಗೆ ಅತ್ತೆ ಚಪ್ಪಲಿ ಬಿಟ್ಟು ಎ.ಟಿ.ಎಂ. ಒಳಗೆ ಹೋದರು. ಗಾಜಿನಾಚೆ ನಾನು. ಮೊದಲು ಬೇಕೆಂದೇ ಹಳೆಯ ನಂಬರು ಒತ್ತಿದರು, ಅದು ಮಾತ್ರ ನನಗೆ ಕಾಣುವ ಹಾಗೆ. ಮಿಷನ್ನು ಒಲ್ಲೆ ಎಂದಿತು. ಆಮೇಲೆ ಸೆರಗು ಎಳೆದುಕೊಂಡರು. ಸೆರಗಿನೊಳಗೆ ಏನು ನಡೆಯಿತೋ, ನೋಟು ಎಣಿಸುವ ಸದ್ದು ಕೇಳಿತು. ಹೊರಗೆ ಬಂದವರ ಮುಖದಲ್ಲಿ ಗರ್ಭಗುಡಿಯಿಂದ ಬಂದ ಕಳೆ.

"ಊರೂರು ತಿರುಗಿದ್ರೂ ಅದಕ್ಕೆ ಗೊತ್ತಾಗೈತೆ ಕಣೇ," ಎಂದರು. ನಾನು ವಿವರಿಸಲು ಹೋಗಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಆ ಗುರುವಾರ ರಾತ್ರಿ ಗೋಡೆಯಾಚೆ ಮಗ್ಗುಲಿನ ಸದ್ದಿರಲಿಲ್ಲ. ಇತ್ತೋ ಏನೋ, ಕೇಳಲು ನಾನು ಎಚ್ಚರವಿರಲಿಲ್ಲ. ಬೆಳಗ್ಗೆ ಹಾಲಿನವನು ಮೂರು ಸಲ ಕೂಗಿ, ಪ್ಯಾಕೆಟ್ಟನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದ.